ಅಸರ್‌ನಿಂದ ಮಗ್ರಿಬ್‌ವರೆಗೆ ಹೆಣ್ಣುಮಕ್ಕಳೂ ಆಡಲಿ

ಸಂಜೆ ಐದು ಗಂಟೆಗೆ ನಿಮ್ಮ ಓಣಿಯನ್ನೊಮ್ಮೆ ಗಮನಿಸಿ ನೋಡಿ. ಹಾವೇರಿಯಾಗಲಿ, ರಾಣೆಬೆನ್ನೂರಾಗಲಿ, ಬ್ಯಾಡಗಿಯಾಗಲಿ, ಕಾಣುವುದು ಹೆಚ್ಚುಕಡಿಮೆ ಒಂದೇ. ಗಂಡುಹುಡುಗರು ಬ್ಯಾಟು, ಟೆನಿಸ್ ಚೆಂಡು ಹಿಡಿದು ಬಯಲಿನ ಕಡೆ ಹೊರಟಿರುತ್ತಾರೆ. ಎಂಟು ಒಂಬತ್ತು ವರ್ಷದ ಹುಡುಗಿಯರು ಮನೆಯ ಮುಂದೆ ಕುಂಟಾಬಿಲ್ಲೆಯನ್ನೋ ಲಗೋರಿಯನ್ನೋ ಆಡುತ್ತಿರುತ್ತಾರೆ. ಆದರೆ ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯರು ಎಲ್ಲಿ? ಅವರು ಒಳಗಿದ್ದಾರೆ. ಏಳನೇ ತರಗತಿ ಮುಗಿಯುವ ಹೊತ್ತಿಗೆ ಅವರ ಆಟವೂ ಮುಗಿದಿರುತ್ತದೆ. ಯಾರೂ ಕುಳಿತು ತೀರ್ಮಾನಿಸಿ ನಿಲ್ಲಿಸಿದ್ದಲ್ಲ. 'ಇನ್ನು ನೀನು ದೊಡ್ಡವಳಾದೆ' ಎಂಬ ಒಂದು ಮಾತಿಗೇ ಅದು ನಿಂತುಹೋಗಿರುತ್ತದೆ.

ಈ ರೂಢಿಯನ್ನು ನಾವು ಬದಲಿಸಲೇಬೇಕು. ಬೆಳೆಯುವ ಹುಡುಗಿಗೆ ಆಟವೆಂಬುದು ಬಿಡುವಿದ್ದರೆ ಕೊಡುವ ಮನರಂಜನೆಯಲ್ಲ. ಊಟ, ನಿದ್ರೆಯ ಹಾಗೆ ಅದೂ ಅವಳ ಶರೀರದ ಹಕ್ಕು.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಿನ ವೇಗ ಹೆಚ್ಚುವಂತೆ ಓಡಾಡಬೇಕು, ವಾರದಲ್ಲಿ ಮೂರು ದಿನವಾದರೂ ಮೂಳೆ ಮತ್ತು ಸ್ನಾಯುಗಳು ಗಟ್ಟಿಯಾಗುವಂಥ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಬೇಕು. ನಮ್ಮ ದೇಶದ ಸ್ಥಿತಿ ಹೇಗಿದೆ? ಅದೇ ಸಂಸ್ಥೆ 2022ನೇ ವರ್ಷಕ್ಕೆ ಹಾಕಿದ ಲೆಕ್ಕದ ಪ್ರಕಾರ ಭಾರತದಲ್ಲಿ ಶೇ. 42ರಷ್ಟು ಪುರುಷರಿಗೆ, ಶೇ. 57ರಷ್ಟು ಮಹಿಳೆಯರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಹದಿಮೂರನೇ ವಯಸ್ಸಿಗೆ ಆಟ ಬಿಟ್ಟ ಹುಡುಗಿ ಮುಂದೆ ಈ 57ರ ಸಾಲಿನಲ್ಲಿ ಸೇರಿದರೆ ಆಶ್ಚರ್ಯವೇನಿದೆ?

ಮೂಳೆಯ ವಿಷಯವನ್ನೇ ತೆಗೆದುಕೊಳ್ಳಿ. ಮನುಷ್ಯನ ಮೂಳೆಯ ಗಟ್ಟಿತನದ ಸುಮಾರು ಶೇ. 90ರಷ್ಟು ಹದಿಹರೆಯ ಮುಗಿಯುವುದರೊಳಗೆ ಕೂಡಿಬಿಡುತ್ತದೆ. ಹುಡುಗಿಯರಲ್ಲಿ ಅದು ಅತಿ ವೇಗವಾಗಿ ಕೂಡುವುದು ಋತುಮತಿಯಾಗುವ ಆಸುಪಾಸಿನ ವರ್ಷಗಳಲ್ಲಿ. ಓಡಿದಾಗ, ಜಿಗಿದಾಗ ಬೀಳುವ ಭಾರದಿಂದಲೇ ಮೂಳೆ ಬಲಗೊಳ್ಳುತ್ತದೆ. ಅಂದರೆ ಜಿಗಿತ ಯಾವ ವಯಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕೋ ಅದೇ ವಯಸ್ಸಿನಲ್ಲಿ ನಾವು ಅದನ್ನು ನಿಲ್ಲಿಸುತ್ತಿದ್ದೇವೆ. ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ ಡಿ ಜೀವಸತ್ವವೂ ಒಳಗೇ ಕುಳಿತವರಿಗೆ ಸಾಲದು. ಐವತ್ತು ದಾಟಿದ ತಾಯಂದಿರ ಸೊಂಟನೋವು, ಜಾರಿ ಬಿದ್ದಾಗ ಮುರಿಯುವ ಮಣಿಕಟ್ಟು, ಇವುಗಳಿಗೆ ಹಲವು ಕಾರಣಗಳಿವೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಗೆ ಸಿಗದೆ ಹೋದ ಕೆಲಸವೂ ಅವುಗಳಲ್ಲಿ ಒಂದು.

'ಮನೆಗೆಲಸ ಮಾಡುತ್ತಾಳಲ್ಲ, ಅದೇ ವ್ಯಾಯಾಮ' ಎಂದು ನೀವು ಹೇಳಬಹುದು. ನೀರು ಹೊರುವುದು, ಕಸ ಗುಡಿಸುವುದು, ರೊಟ್ಟಿ ಬಡಿಯುವುದು ಮೈ ಮುರಿಯುವ ಕೆಲಸಗಳೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ದಣಿವು ಬೇರೆ, ವ್ಯಾಯಾಮ ಬೇರೆ. ನಮ್ಮ ಭಾಗದ ಹೆಸರುವಾಸಿ ಕಸುಬುಗಳನ್ನು ನೋಡಿ. ಹಾವೇರಿಯ ಏಲಕ್ಕಿ ಹಾರ ನಾಡಿನಾಚೆಗೂ ಹೋಗುತ್ತದೆ. ಅದನ್ನು ಪೋಣಿಸುವವರ ಬೆರಳು ಓಡುತ್ತದೆ, ಕಾಲು ಓಡುವುದಿಲ್ಲ. ಬ್ಯಾಡಗಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಕುಳಿತೇ ಇರುತ್ತಾರೆ. ಸಂಜೆಗೆ ಬೆನ್ನು ಸೋತಿರುತ್ತದೆ, ಆದರೆ ಹೃದಯಕ್ಕೆ ಬೇಕಾದ ಕೆಲಸ ಸಿಕ್ಕಿರುವುದಿಲ್ಲ. ಅಂಗಡಿಯ ಗಲ್ಲಾದ ಹಿಂದೆ, ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುವ ಗಂಡಸರಿಗೂ ಇದೇ ಮಾತು.

ಕುಳಿತ ಕಸುಬು ಎಷ್ಟು ಅಪಾಯ ಎಂಬುದನ್ನು 1953ರಲ್ಲಿ ಜೆರ್ರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರು ತೋರಿಸಿಕೊಟ್ಟರು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡಲು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಬಸ್ಸು ಅದೇ, ಊರು ಅದೇ. ಆದರೂ ಹೃದಯದ ಕಾಯಿಲೆ ಚಾಲಕರಿಗಿಂತ ಕಂಡಕ್ಟರುಗಳಲ್ಲಿ ಸ್ಪಷ್ಟವಾಗಿ ಕಡಿಮೆ ಇತ್ತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ನಮ್ಮ ಮನೆಗಳಲ್ಲಿ ಒಂದು ಮಾತ್ರೆ ಡಬ್ಬಿಯಾದರೂ ಇಲ್ಲದ ಮನೆ ಸಿಗುವುದು ಕಷ್ಟ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತದೆ. ಆ ಅಭ್ಯಾಸ ಬೇರೂರಬೇಕಾದದ್ದು ನಲವತ್ತರಲ್ಲಿ ಡಾಕ್ಟರ್ ಹೇಳಿದ ಮೇಲಲ್ಲ, ಹತ್ತರಲ್ಲಿ.

ಇನ್ನು ಓದಿನ ಪ್ರಶ್ನೆ. 'ಆಡಲು ಬಿಟ್ಟರೆ ಎಸ್ಸೆಸ್ಸೆಲ್ಸಿಯ ಗತಿ ಏನು?' ಎಂಬ ಚಿಂತೆ ಪ್ರತಿ ತಂದೆತಾಯಿಯದ್ದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳನ್ನು 20 ನಿಮಿಷ ಚುರುಕಾಗಿ ನಡೆಸಿ, ನಂತರ ಪರೀಕ್ಷೆ ಕೊಟ್ಟು ನೋಡಿದರು. ಸುಮ್ಮನೆ ಕುಳಿತು ಎದ್ದ ದಿನಕ್ಕಿಂತ ನಡೆದು ಬಂದ ದಿನ ಅದೇ ಮಕ್ಕಳ ಗಮನ ಹೆಚ್ಚು ಸ್ಥಿರವಾಗಿತ್ತು, ಓದಿ ಅರ್ಥಮಾಡಿಕೊಳ್ಳುವುದೂ ಸುಧಾರಿಸಿತ್ತು. ಅದು 2009ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗ. ಆದರೆ ಅದು ಹೇಳುವುದು ನಿಮ್ಮ ಅನುಭವಕ್ಕೆ ವಿರುದ್ಧವೇನಲ್ಲ. ಶಾಲೆ, ಟ್ಯೂಷನ್, ಹೋಂವರ್ಕ್ ಎಂದು ಎಂಟು ಹತ್ತು ಗಂಟೆ ಕುಳಿತ ಮಗುವಿನ ಮುಂದಿರುವ ಪುಸ್ತಕ ತೆರೆದಿರುತ್ತದೆ, ಮನಸ್ಸು ಮುಚ್ಚಿರುತ್ತದೆ. ಒಂದು ಗಂಟೆ ಆಡಿ, ಕೈಕಾಲು ತೊಳೆದು ಕುಳಿತ ಮಗು ಅದೇ ಪಾಠವನ್ನು ಬೇಗ ಮುಗಿಸುತ್ತದೆ, ರಾತ್ರಿ ಚೆನ್ನಾಗಿ ನಿದ್ರಿಸುತ್ತದೆ.

ಆಟ ಕಲಿಸುವ ಇನ್ನೊಂದು ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಖೊಖೊದಲ್ಲಿ ಬೆನ್ನಿಗೆ ಕೈ ತಾಕಿದ ಕ್ಷಣ ಏಳಬೇಕು, ಇಲ್ಲದಿದ್ದರೆ ಇಡೀ ತಂಡ ಸೋಲುತ್ತದೆ. ಕಬಡ್ಡಿಯಲ್ಲಿ ಸರಪಳಿ ಹಿಡಿದ ಕೈ ಯಾವ ಓಣಿಯದು, ಯಾವ ಮನೆತನದ್ದು ಎಂದು ಯಾರೂ ಕೇಳುವುದಿಲ್ಲ. ಸೋತರೂ ಕೈಕುಲುಕುವುದು, ತಪ್ಪು ಮಾಡಿದ ಗೆಳತಿಯನ್ನು ಬೈಯದೆ ಮುಂದಿನ ಸರದಿಗೆ ಹುರಿದುಂಬಿಸುವುದು, ನಿರ್ಣಾಯಕರ ಮಾತಿಗೆ ತಲೆಬಾಗುವುದು, ಇವೆಲ್ಲ ಅಲ್ಲೇ ಬರುತ್ತವೆ. ವಲಯ ಮಟ್ಟದ ಕ್ರೀಡಾಕೂಟಕ್ಕೆ ಹೋಗಿ ಬಂದ ಹುಡುಗಿಗೆ ಬೇರೆ ಊರಿನ, ಬೇರೆ ಸಮುದಾಯದ ನಾಲ್ಕು ಗೆಳತಿಯರು ಸಿಗುತ್ತಾರೆ. ಮನಸ್ಸುಗಳು ದೂರವಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಲಾಭವಲ್ಲ.

'ನಮ್ಮಲ್ಲಿ ಹೆಣ್ಣುಮಕ್ಕಳು ಆಡುವುದು ಸರಿಯೇ?' ಎಂದು ಕೇಳುವವರಿಗೆ ಉತ್ತರ ನಮ್ಮ ಮನೆಯಲ್ಲೇ ಇದೆ. ಪ್ರವಾದಿ(ಸ) ಅವರು ಹಝ್ರತ್ ಆಯಿಶಾ(ರ) ಅವರೊಂದಿಗೆ ಓಟದ ಸ್ಪರ್ಧೆ ಮಾಡಿದ್ದು, ಒಮ್ಮೆ ಆಯಿಶಾ(ರ) ಗೆದ್ದದ್ದು, ಇನ್ನೊಮ್ಮೆ ಪ್ರವಾದಿ(ಸ) ಗೆದ್ದದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಉಡುಪೂ ಅಡ್ಡಿಯಾಗಬೇಕಿಲ್ಲ. ತಲೆವಸ್ತ್ರ ಧರಿಸಿ ಆಡಲು ಅಂತಾರಾಷ್ಟ್ರೀಯ ಫುಟ್ಬಾಲ್ ಸಂಸ್ಥೆ ಫೀಫಾ 2014ರಲ್ಲಿ, ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ 2017ರಲ್ಲಿ ಅನುಮತಿ ನೀಡಿದವು. ಸಡಿಲವಾದ ಟ್ರ್ಯಾಕ್ ಪ್ಯಾಂಟು, ಪೂರ್ಣ ತೋಳಿನ ಅಂಗಿ, ಪಿನ್ನು ಚುಚ್ಚದ ಹತ್ತಿಯ ಸ್ಕಾರ್ಫು ಇದ್ದರೆ ಸಾಕು.

ನಮ್ಮ ನೆರೆಯ ತೆಲಂಗಾಣದ ನಿಝಾಮಾಬಾದ್‌ನ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದಿಲ್ಲಿಯಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಅವರನ್ನು ಮೊದಲು ಮೈದಾನಕ್ಕೆ ಕರೆತಂದವರು ಅವರ ತಂದೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರು ಗ್ರಾಮದ ಬಿ. ಚೈತ್ರಾ ಇದ್ದರು. ನಿಮ್ಮ ಮಗಳು ಪದಕ ತರಬೇಕಿಲ್ಲ. ಆದರೆ ತಂದೆಯೊಬ್ಬರು ಜೊತೆಗೆ ನಿಂತರೆ ಏನಾಗುತ್ತದೆ, ಎರಡು ಕಂಬ ಮತ್ತು ಒಂದಿಷ್ಟು ಮಣ್ಣಿನ ನೆಲವಿದ್ದರೆ ಹಳ್ಳಿಯ ಹುಡುಗಿಯೂ ಎಲ್ಲಿಗೆ ತಲುಪಬಹುದು ಎಂಬುದನ್ನು ಈ ಇಬ್ಬರೂ ತೋರಿಸಿದ್ದಾರೆ.

ತಾಯಂದಿರೇ, ಕೆಲವು ಆರೋಗ್ಯದ ಮಾತುಗಳು ನಿಮಗೆ. ಮುಟ್ಟಿನ ದಿನಗಳಲ್ಲಿ ಆಡಬಾರದು ಎಂಬುದು ತಪ್ಪು ಕಲ್ಪನೆ. ಮಗಳಿಗೆ ಆಗುವುದಾದರೆ ಆಡಲಿ. ಹಗುರ ಓಡಾಟದಿಂದ ಹೊಟ್ಟೆನೋವು ಎಷ್ಟೋ ಮಂದಿಗೆ ಕಡಿಮೆಯಾಗುತ್ತದೆ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲಿ. ಬೆವರಿದ ಒಳಉಡುಪನ್ನು ಮನೆಗೆ ಬಂದ ಕೂಡಲೇ ಬದಲಿಸಿ, ತೊಳೆದು ಬಿಸಿಲಿಗೆ ಹಾಕಬೇಕು. ಸ್ವಲ್ಪ ಆಡಿದರೂ ಏದುಸಿರು, ತಲೆಸುತ್ತು ಬರುತ್ತಿದ್ದರೆ ಆಟ ಬಿಡಿಸಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ನಮ್ಮ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ ಇದೆ, ಅದಕ್ಕೆ ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ಐದು ಗಂಟೆಗೆ ಮುಂಚೆ ಬಿಸಿಲಿಗೆ ಬಿಡಬೇಡಿ, ಜೊತೆಗೆ ನೀರಿನ ಬಾಟಲಿ ಕಳಿಸಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯವರು ಘಾಟು, ಧೂಳು ಇಲ್ಲದ ಜಾಗ ನೋಡಿಕೊಳ್ಳಿ.

ಹಿರಿಯರೇ, ಜಾಗದ ಹೊಣೆ ನಿಮ್ಮದು. ಹುಡುಗಿಯರನ್ನು ಊರ ಬಯಲಿಗೆ ಕಳಿಸಲು ಮನೆಯವರಿಗೆ ಅಂಜಿಕೆ ಇದ್ದರೆ ಅದನ್ನು ಟೀಕಿಸಿ ಫಲವಿಲ್ಲ, ಅಂಜಿಕೆಗೆ ಕಾರಣವಿಲ್ಲದ ಜಾಗವನ್ನು ಒದಗಿಸಬೇಕು. ಉರ್ದು ಶಾಲೆಯ ಆವರಣ ಸಂಜೆ ಖಾಲಿ ಇರುತ್ತದೆ. ಶಾದಿ ಮಹಲಿನ ಅಂಗಳ ಮದುವೆ ಇಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡು ನಿಂತಿರುತ್ತದೆ. ಅಂಜುಮನ್ ಸಮಿತಿಯವರು ಮನಸ್ಸು ಮಾಡಿದರೆ ವಾರದಲ್ಲಿ ನಾಲ್ಕು ಸಂಜೆ ಆ ಬೀಗ ತೆರೆಯಬಹುದು. ಓಣಿಯ ಇಬ್ಬರು ತಾಯಂದಿರು ಸರದಿಯಂತೆ ಅಲ್ಲಿ ಕುಳಿತರೆ ಸಾಕು. ಅವರೂ ಹತ್ತು ಸುತ್ತು ನಡೆದರೆ ಇನ್ನೂ ಒಳ್ಳೆಯದು. ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋದಾಗ ಬಿಸಿಯೂಟ, ಕಟ್ಟಡದ ಜೊತೆಗೆ ಆಟದ ಪಿರಿಯಡ್ ಬಗ್ಗೆಯೂ ಕೇಳಿ. ಆ ಪಿರಿಯಡ್‌ನಲ್ಲಿ ಗಣಿತ ನಡೆಯುತ್ತಿದೆಯೇ? ಹುಡುಗಿಯರಿಗೂ ಚೆಂಡು ಸಿಗುತ್ತಿದೆಯೇ?

ಇದಕ್ಕೆ ಬೇಕಾದ ಖರ್ಚು ಒಂದು ಸ್ಕಿಪ್ಪಿಂಗ್ ಹಗ್ಗದಷ್ಟು. ಟ್ಯೂಷನ್ನಿನ ಸಮಯವನ್ನು ಸ್ವಲ್ಪ ಹಿಂದೆಮುಂದೆ ಮಾಡಿದರೆ ಅಸರ್ ನಮಾಝಿನಿಂದ ಮಗ್ರಿಬ್ ಅಝಾನಿನವರೆಗಿನ ಹೊತ್ತು ಸಿಗುತ್ತದೆ. ನಾಳೆ ಸಂಜೆ ಮಗ ಬ್ಯಾಟು ಹಿಡಿದು ಹೊರಟಾಗ, ಒಳಗೆ ಕುಳಿತ ಮಗಳನ್ನೂ ಒಮ್ಮೆ ಕೇಳಿ: 'ನೀನೂ ಆಡಲು ಹೋಗುತ್ತೀಯಾ ಬೇಟಿ?'