ಕಡ್ಲೆಪುರಿ ಕಲಿಸಿದ ಪಾಠ



ತಿರುಪ್ಪೂರಿನಲ್ಲಿ ನಮ್ಮದೊಂದು ಸಣ್ಣ ಬನಿಯನ್ ಕಾರ್ಖಾನೆ. ಕೆಲವು ವರ್ಷಗಳ ಹಿಂದೆ, ಕೆಲಸದ ನಡುವೆ ಮೋಜೂ ಇದ್ದರೆ ಆಳುಗಳು ಹುರುಪಿನಿಂದ ದುಡಿಯುತ್ತಾರೆಂದು ಯಾರೋ ಹೇಳಿದ್ದನ್ನು ಕೇಳಿ, ಟೈಲರುಗಳನ್ನು ಎರಡು ತಂಡ ಮಾಡಿ ಪಂದ್ಯ ಇಟ್ಟೆವು. ವಾರದಲ್ಲಿ ಹೆಚ್ಚು ಪೀಸ್ ಹೊಲಿದವರಿಗೆ ಸ್ಟೀಲ್ ಪಾತ್ರೆ ಬಹುಮಾನ. ಎರಡು ದಿನ ಬಹಳ ಉತ್ಸಾಹ. ಮೂರನೆಯ ದಿನದಿಂದ ಸುಲಭದ ಬಂಡಲುಗಳನ್ನು ಮೆಷಿನ್ ಕೆಳಗೆ ಬಚ್ಚಿಡತೊಡಗಿದರು. ಚೆಕ್ಕಿಂಗ್ ಮೇಜಿನ ಮೇಲೆ ಹೊಲಿಗೆ ತಪ್ಪಿದ ಮಾಲು ರಾಶಿ ಬಿತ್ತು. ಶನಿವಾರ ಸಂಬಳ ತೆಗೆದುಕೊಂಡ ಇಬ್ಬರು ಒಳ್ಳೆಯ ಟೈಲರುಗಳು ಸೋಮವಾರ ಬರಲೇ ಇಲ್ಲ.

ಆ ವರ್ಷದ ಆಯುಧಪೂಜೆ ನಮ್ಮ ಕಣ್ಣು ತೆರೆಸಿತು. ಕೊಯಮತ್ತೂರಿನ ಮೋಟಾರ್ ಪಂಪ್ ಕಾರ್ಖಾನೆಯಿಂದ ಹಿಡಿದು ನಮ್ಮ ಗಲ್ಲಿಯ ಹೊಲಿಗೆ ಶೆಡ್ಡಿನವರೆಗೆ ಅಂದು ಯಂತ್ರಗಳಿಗೆ ವಿಶ್ರಾಂತಿ. ಓವರ್‌ಲಾಕ್, ಫ್ಲಾಟ್‌ಲಾಕ್ ಎಲ್ಲವನ್ನೂ ಒರೆಸಿ, ಗಂಧ ಕುಂಕುಮ ಇಟ್ಟು, ಕಡ್ಲೆಪುರಿ ಹಂಚುವುದು ಪದ್ಧತಿ. ಕಟಿಂಗ್ ಮಾಸ್ಟರ್ ಏಣಿ ಹಿಡಿದ. ಹೆಲ್ಪರ್ ಮೇಲೆ ಹತ್ತಿ ತೋರಣ ಕಟ್ಟಿದ. ನಾವು ಪೊರಕೆ ಹಿಡಿದೆವು. ನಮ್ಮ ಗುಡಿಸುವ ಚಂದ ನೋಡಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪಂದ್ಯದಲ್ಲಿ ಮುಖ ತಿರುಗಿಸಿಕೊಂಡಿದ್ದವರು ಒಂದೇ ತಟ್ಟೆಯಿಂದ ಪುರಿ ತಿಂದರು. ಅಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ.

ಈಗ ನಮ್ಮಲ್ಲಿ ಒಡಿಶಾ, ಬಿಹಾರದವರೂ ದುಡಿಯುತ್ತಾರೆ. ಅವರ ಕಡೆ ಯಂತ್ರಗಳಿಗೆ ಪೂಜೆ ಸೆಪ್ಟೆಂಬರ್ 17ರ ಸುಮಾರಿಗೆ, ವಿಶ್ವಕರ್ಮ ಪೂಜೆಯ ದಿನ. ಒಬ್ಬನು ಸಂಕೋಚದಿಂದ ಕೇಳಿದ ಮೇಲೆ ಅಂದೂ ಒಂದು ಗಂಟೆ ಮೆಷಿನ್ ನಿಲ್ಲಿಸುತ್ತೇವೆ. ತಮಿಳು ಹೆಂಗಸರೇ ಹೂ ಕಟ್ಟಿಕೊಡುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ, ಈಗ ಒಬ್ಬನ ಮೆಷಿನ್ ಕೆಟ್ಟರೆ ಪಕ್ಕದವನು ತಾನಾಗಿ ಎದ್ದು ಬರುತ್ತಾನೆ.

ಆದರೆ ಒಂದು ಮಾತು. ಪುರಿಯಿಂದ ಹೊಟ್ಟೆ ತುಂಬುವುದಿಲ್ಲ. 1984ರಲ್ಲಿ ಇದೇ ತಿರುಪ್ಪೂರಿನಲ್ಲಿ ತುಟ್ಟಿಭತ್ಯೆಗಾಗಿ ಕಾರ್ಮಿಕರು 127 ದಿನ ಮುಷ್ಕರ ಹೂಡಿದ್ದರು. ಶನಿವಾರದ ಸಂಬಳ, ದೀಪಾವಳಿಯ ಬೋನಸ್ಸು ಹೊತ್ತಿಗೆ ಸರಿಯಾಗಿ ಕೊಡದ ಮಾಲೀಕ ಎಷ್ಟು ನಗಿಸಿದರೂ ಅದು ಅಣಕವೇ.

ನಮ್ಮ ಮಕ್ಕಳಿಗೆ ನಾವು ಹೇಳುವುದಿಷ್ಟೇ: ಕೊಡಬೇಕಾದ್ದನ್ನು ಮೊದಲು ಕೊಡಿ. ಆಮೇಲೆ ಗಲ್ಲಾದಿಂದ ಎದ್ದು ಬಂದು ಅವರ ಜೊತೆ ನಗಿ. ಅವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ನೋಡುವ ಮೋಜು ಮಾತ್ರ ಬೇಡ. ಅದರ ನಷ್ಟ ಯಾವ ಖಾತೆಯಲ್ಲಿ ಬರೆದರೂ ತೀರುವುದಿಲ್ಲ.