ಮೊದಲ ಮೂರು ವರ್ಷಗಳು ಯಾರ ಪಾಲು?

ಇಂಜಿನಿಯರಿಂಗ್ ಮುಗಿಸಿದ ಮಗನಿಗೋ ಮಗಳಿಗೋ ಬೆಂಗಳೂರಿನ ಕಂಪೆನಿಯೊಂದರಲ್ಲಿ ಉದ್ಯೋಗ ದೊರೆತರೆ ಮನೆಮಂದಿ ನೆಮ್ಮದಿಯ ಉಸಿರು ಬಿಡುತ್ತಾರೆ. ಇದು ಸಹಜ. ಆದರೆ ಆ ನೆಮ್ಮದಿಯ ಬೆನ್ನಿಗೇ ಬೇಡಿಕೆಗಳ ಸಾಲು ಆರಂಭವಾಗುತ್ತದೆ. ಅಕ್ಕನ ಮದುವೆ, ಹೊಸ ಮನೆಯ ಕಂತು, ಗಲ್ಫ್‌ನಲ್ಲಿರುವ ಮಾವ ಕಳುಹಿಸುವ ವೀಸಾ, ಮಗಳಾದರೆ ಬಂದ ಸಂಬಂಧ. ಇವೆಲ್ಲದರ ನಡುವೆ, 'ಮುಂದೆ ಓದುವ ಇಚ್ಛೆ ಇದೆಯೇ?' ಎಂದು ಆ ತರುಣನನ್ನಾಗಲಿ ತರುಣಿಯನ್ನಾಗಲಿ ಕೇಳುವವರು ವಿರಳ.

ದೇಶದ ಮುಂಚೂಣಿಯ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಗಳಿಗೆ ಅರ್ಜಿ ಹಾಕಲು ಸೂಕ್ತ ಸಮಯ ಯಾವುದು ಎಂಬ ಪ್ರಶ್ನೆಯನ್ನು ನಾವು ಈ ಹಿನ್ನೆಲೆಯಲ್ಲಿಯೇ ಚರ್ಚಿಸಬೇಕಾಗಿದೆ. ಪದವಿ ಮುಗಿದೊಡನೆ ಹೋಗಬೇಕೆಂದು ಕೆಲವರು ಹೇಳುತ್ತಾರೆ. ಐದಾರು ವರ್ಷ ದುಡಿದ ಮೇಲೆ ನೋಡೋಣವೆಂದು ಇನ್ನು ಕೆಲವರು. ಎರಡೂ ಅರ್ಧಸತ್ಯಗಳು.

ಮೊದಲು ವಾಸ್ತವವನ್ನು ಗಮನಿಸೋಣ. 1961ರಲ್ಲಿ ಕಲ್ಕತ್ತಾ ಮತ್ತು ಅಹ್ಮದಾಬಾದ್‌ಗಳಲ್ಲಿ, 1973ರಲ್ಲಿ ನಮ್ಮದೇ ಬೆಂಗಳೂರಿನಲ್ಲಿ ಐಐಎಂಗಳು ಸ್ಥಾಪನೆಯಾದವು. ಇವುಗಳ ಎರಡು ವರ್ಷಗಳ ಕೋರ್ಸಿಗೆ ಉದ್ಯೋಗಾನುಭವ ಕಡ್ಡಾಯವಲ್ಲ. ಪದವಿಯಲ್ಲಿ ಶೇ. 50 ಅಂಕಗಳಿದ್ದರೆ ಸಾಮಾನ್ಯ ವರ್ಗದವರು ಕ್ಯಾಟ್ ಪರೀಕ್ಷೆ ಬರೆಯಬಹುದು; ಅಂತಿಮ ವರ್ಷದ ವಿದ್ಯಾರ್ಥಿಗೂ ಅವಕಾಶವಿದೆ. ಆದರೆ ಅಂತಿಮ ಆಯ್ಕೆಯಲ್ಲಿ ಕ್ಯಾಟ್ ಅಂಕವೊಂದೇ ನಿರ್ಣಾಯಕವಲ್ಲ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಗಳು, ಸಂದರ್ಶನ, ಉದ್ಯೋಗಾನುಭವ ಇವೆಲ್ಲಕ್ಕೂ ಸಂಸ್ಥೆಗಳು ತಮ್ಮತಮ್ಮ ಲೆಕ್ಕಾಚಾರದಲ್ಲಿ ಸ್ಥಾನ ನೀಡುತ್ತವೆ. ಆ ನಿಯಮಗಳನ್ನು ಪ್ರತಿವರ್ಷ ಅವೇ ಪ್ರಕಟಿಸುತ್ತವೆ.

ಇನ್ನೊಂದೆಡೆ, ಅನುಭವಿಗಳಿಗಾಗಿಯೇ ರೂಪಿಸಿದ ಒಂದು ವರ್ಷದ ಕೋರ್ಸುಗಳಿವೆ. 2001ರಲ್ಲಿ ಹೈದರಾಬಾದ್‌ನಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ತನ್ನ ಮುಖ್ಯ ಕೋರ್ಸಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಅನುಭವ ಬಯಸುತ್ತದೆ. ಅಹ್ಮದಾಬಾದ್, ಬೆಂಗಳೂರು, ಕಲ್ಕತ್ತಾ ಐಐಎಂಗಳ ಇಂತಹ ಕೋರ್ಸುಗಳು ಇನ್ನೂ ಹೆಚ್ಚು ಕೇಳುತ್ತವೆ. ಅಮೆರಿಕದ ಹಾರ್ವರ್ಡ್ ಮತ್ತೊಂದು ದಾರಿ ತೆರೆದಿದೆ: ಓದುತ್ತಿರುವಾಗಲೇ ಆಯ್ಕೆ ಮಾಡಿ, ಕನಿಷ್ಠ ಎರಡು ವರ್ಷ ದುಡಿದು ಬಾ ಎನ್ನುತ್ತದೆ. ಆದುದರಿಂದ 'ತೀರಾ ಬೇಗವಾಯಿತೇ?' ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಯಾವ ಕೋರ್ಸಿಗೆ ಎಂಬುದನ್ನು ಮೊದಲು ನಿರ್ಧರಿಸಬೇಕು.

ಹಾಗಿದ್ದರೂ, ಎರಡು ವರ್ಷಗಳ ಕೋರ್ಸನ್ನು ಬಯಸುವ ಇಂಜಿನಿಯರನಿಗೆ ಉದ್ಯೋಗದ ಎರಡನೆಯ ವರ್ಷವೇ ಅರ್ಜಿಗೆ ಪ್ರಶಸ್ತ ಎಂಬುದು ನಮ್ಮ ಅಭಿಪ್ರಾಯ. ಐಐಎಂಗಳ ತರಗತಿಗಳಲ್ಲಿ ಇಂಜಿನಿಯರರದ್ದೇ ದೊಡ್ಡ ಗುಂಪು. 'ಯಂತ್ರ ಕಲಿತವನಿಗೆ ಆಡಳಿತವೇಕೆ?' ಎಂದು ಸಂದರ್ಶಕರು ಕೇಳಿಯೇ ಕೇಳುತ್ತಾರೆ. ಕೋಚಿಂಗ್ ಕೇಂದ್ರ ಬಾಯಿಪಾಠ ಮಾಡಿಸಿದ ಉತ್ತರ ಅಲ್ಲಿ ನಿಲ್ಲುವುದಿಲ್ಲ. ಕೈಗೆತ್ತಿಕೊಂಡ ಕೆಲಸ ಏಕೆ ತಡವಾಯಿತು, ಗ್ರಾಹಕ ಏಕೆ ಮುನಿದ, ಬೆಲೆಯನ್ನು ಯಾರು ಹೇಗೆ ನಿಗದಿಪಡಿಸಿದರು ಎಂಬುದನ್ನು ಕಣ್ಣಾರೆ ಕಂಡವನ ಬಳಿ ಮಾತ್ರ ತನ್ನದೇ ಆದ ಉತ್ತರವಿರುತ್ತದೆ. ಹದಿನೆಂಟು ತಿಂಗಳ ದುಡಿಮೆ ಅದಕ್ಕೆ ಸಾಕು.

ಅತಿಯಾದ ವಿಳಂಬಕ್ಕೂ ಬೆಲೆ ತೆರಬೇಕಾಗುತ್ತದೆ. ಹಳೆಯ ಐಐಎಂಗಳ ಎರಡು ವರ್ಷದ ಶುಲ್ಕ ಈಗ 20 ಲಕ್ಷ ರೂಪಾಯಿಗಳನ್ನು ಮೀರಿದೆ. ಇದರ ಜೊತೆಗೆ ಬಿಟ್ಟುಕೊಡುವ ಎರಡು ವರ್ಷಗಳ ಸಂಬಳವನ್ನೂ ಕೂಡಿಸಬೇಕು. ಇಪ್ಪತ್ತನಾಲ್ಕರ ಹರೆಯದಲ್ಲಿ ಆ ಸಂಬಳ ಸಣ್ಣದು, ಹೊಣೆಗಳೂ ಕಡಿಮೆ. ಮೂವತ್ತು ದಾಟಿ ಹೆಂಡತಿ-ಮಕ್ಕಳಾದ ಮೇಲೆ ಅದೇ ನಿರ್ಧಾರ ಬೆಟ್ಟದಷ್ಟು ಭಾರವಾಗುತ್ತದೆ.

ಆದರೆ ಒಂದು ಎಚ್ಚರಿಕೆ. ಕೆಲಸ ಬೇಸರ ತಂದಿತೆಂದೋ ಮೇಲಧಿಕಾರಿ ಸರಿಯಿಲ್ಲವೆಂದೋ ಎಂಬಿಎಯತ್ತ ಓಡುವುದು ಪರಿಹಾರವಲ್ಲ. ಶುಲ್ಕದಲ್ಲಿ ಐಐಎಂಗೆ ಪೈಪೋಟಿ ನೀಡಿ ಉದ್ಯೋಗ ಕೊಡಿಸುವಲ್ಲಿ ಸೋಲುವ ಸಂಸ್ಥೆಗಳೂ ಇವೆ. ಅಲ್ಲಿಗೆ ಸೇರುವುದಕ್ಕಿಂತ ಇದ್ದ ಕೆಲಸದಲ್ಲಿ ಮುಂದುವರಿಯುವುದೇ ಲೇಸು. ಎಂಬಿಎ ಇಲ್ಲದೆ ಬದುಕಿಲ್ಲ ಎಂದೇನೂ ಇಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ನಾರಾಯಣ ಮೂರ್ತಿ ಐಐಎಂ ಅಹ್ಮದಾಬಾದ್‌ಗೆ ಹೋದದ್ದು ವಿದ್ಯಾರ್ಥಿಯಾಗಿ ಅಲ್ಲ, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಉದ್ಯೋಗಿಯಾಗಿ. ರಘುರಾಂ ರಾಜನ್ 1985ರಲ್ಲಿ ದೆಹಲಿ ಐಐಟಿಯಿಂದ ಹೊರಬಂದು ನೇರವಾಗಿ ಅದೇ ಅಹ್ಮದಾಬಾದ್ ಸೇರಿದರು. ಮಣಿಪಾಲದಲ್ಲಿ ಕಲಿತ ಸತ್ಯ ನಾದೆಲ್ಲಾ ಮೈಕ್ರೋಸಾಫ್ಟ್‌ನ ಕೆಲಸ ಬಿಡದೆಯೇ ವಾರಾಂತ್ಯಗಳಲ್ಲಿ ಶಿಕಾಗೋಗೆ ಹೋಗಿಬಂದು 1997ರಲ್ಲಿ ಎಂಬಿಎ ಪಡೆದರು. ಮೂವರದೂ ಬೇರೆ ಬೇರೆ ದಾರಿ. ಆದರೆ ಮೂವರೂ ಆ ದಾರಿಯನ್ನು ತಾವೇ ಆರಿಸಿಕೊಂಡರು.

ನಮ್ಮ ಮಕ್ಕಳಿಗೆ ಆ ಆಯ್ಕೆ ಇದೆಯೇ? 2006ರ ಸಾಚಾರ್ ವರದಿಯ ಪ್ರಕಾರ ಐಐಎಂಗಳ ಎಲ್ಲ ಕೋರ್ಸುಗಳ 4,743 ವಿದ್ಯಾರ್ಥಿಗಳ ಪೈಕಿ ಮುಸ್ಲಿಮರು ಕೇವಲ 63. ಆ ಅಂಕಿಯನ್ನು ಸಭೆಗಳಲ್ಲಿ ಉದ್ಧರಿಸಿ ವ್ಯಥೆಪಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಇದಕ್ಕೆ ವ್ಯವಸ್ಥೆಯನ್ನು ಪ್ರಶ್ನಿಸುವುದು ನಮ್ಮ ಹಕ್ಕು; ಪ್ರಶ್ನಿಸಲೇಬೇಕು. ಆದರೆ ಅರ್ಜಿಯನ್ನೇ ಹಾಕದವನಿಗೆ ಯಾವ ವ್ಯವಸ್ಥೆ ತಾನೇ ಸೀಟು ಕೊಟ್ಟೀತು? ನಮ್ಮ ಎಷ್ಟು ಮನೆಗಳಲ್ಲಿ ಕ್ಯಾಟ್ ಎಂಬ ಹೆಸರನ್ನಾದರೂ ಕೇಳಿದ್ದಾರೆ? ಇಂಜಿನಿಯರಿಂಗ್ ತನಕ ಮಕ್ಕಳನ್ನು ತಲುಪಿಸಿದ ತಂದೆತಾಯಿಯರು ಅಲ್ಲಿಗೆ ದಾರಿ ಮುಗಿಯಿತೆಂದು ಭಾವಿಸುತ್ತಾರೆ. ಹೆಣ್ಣುಮಕ್ಕಳ ಪಾಲಿಗಂತೂ ಪದವಿ ಮತ್ತು ನಿಕಾಹ್‌ನ ನಡುವೆ ಉಸಿರಾಡಲೂ ಸಮಯವಿಲ್ಲ. ಇತ್ತ ಹಲವು ಐಐಎಂಗಳು ವಿದ್ಯಾರ್ಥಿನಿಯರ ಸಂಖ್ಯೆ ಹೆಚ್ಚಿಸಲು ಆಯ್ಕೆಯಲ್ಲಿಯೇ ಅವರಿಗೆ ಹೆಚ್ಚುವರಿ ಅಂಕ ನೀಡುತ್ತಿವೆ ಎಂಬುದು ನಮ್ಮ ಗಮನಕ್ಕೇ ಬಂದಿಲ್ಲ.

ಹಣದ ಪ್ರಶ್ನೆ ನಿಜವಾದದ್ದು. ಬ್ಯಾಂಕುಗಳು ಶಿಕ್ಷಣ ಸಾಲ ನೀಡುತ್ತವೆ. ಆದರೆ ಬಡ್ಡಿಗೆ ಅಂಜುವ ಕುಟುಂಬ ಅಲ್ಲಿಯೇ ಹಿಂಜರಿಯುತ್ತದೆ. ಆ ಅಂಜಿಕೆಯನ್ನು ಗೌರವಿಸುವವರು ಪರ್ಯಾಯವನ್ನೂ ತೋರಿಸಬೇಕಲ್ಲವೇ? ಒಂದು ಮದುವೆಯ ಊಟಕ್ಕೆ ಲಕ್ಷಗಟ್ಟಲೆ ಸುರಿಯುವ ಊರು, ಪ್ರತಿವರ್ಷ ಇಬ್ಬರು ವಿದ್ಯಾರ್ಥಿಗಳಿಗೆ ಬಡ್ಡಿರಹಿತ ಸಾಲ ನೀಡುವ ನಿಧಿಯನ್ನು ಕಟ್ಟಲಾರದೇ? ಉತ್ತಮ ಸಂಬಳ ಪಡೆಯುವ ಪದವೀಧರ ಅದನ್ನು ಮರಳಿಸಿದರೆ ಅದೇ ಹಣ ಮುಂದಿನವನಿಗೆ ದಾರಿಯಾಗುತ್ತದೆ. ಕಡಿಮೆ ಆದಾಯದ ಕುಟುಂಬಗಳಿಗೆ ಐಐಎಂಗಳೇ ನೀಡುವ ನೆರವನ್ನೂ ವಿಚಾರಿಸಬೇಕು.

ಇನ್ನೊಂದು ಪ್ರಾಯೋಗಿಕ ಮಾತು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯೇ ಬೇರೆ, ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ಐಐಎಂ ಕೇಳುವುದು ಕೇಂದ್ರದ್ದನ್ನು. ತಮ್ಮ ಉಪವರ್ಗ ಅದರಲ್ಲಿದೆಯೇ ಎಂದು ಮೊದಲೇ ಪರಿಶೀಲಿಸಿ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ತಹಶೀಲ್ದಾರರ ಕಚೇರಿಯಿಂದ ಪಡೆದಿಟ್ಟುಕೊಳ್ಳಬೇಕು. ಕೊನೆಯ ಗಳಿಗೆಯ ಓಡಾಟದಲ್ಲಿ ಅರ್ಹರೂ ಅವಕಾಶ ಕಳೆದುಕೊಳ್ಳಬಹುದು.

ಕ್ಯಾಟ್ ಪರೀಕ್ಷೆ ನಡೆಯುವುದು ನವೆಂಬರ್‌ನಲ್ಲಿ. ಅರ್ಜಿ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಆದುದರಿಂದ ತಯಾರಿ ಅದಕ್ಕೂ ಬಹಳ ಮೊದಲೇ ಆರಂಭವಾಗಬೇಕು. ಉದ್ಯೋಗಕ್ಕೆ ಸೇರಿದ ಮಕ್ಕಳು ಮೊದಲ ಸಂಬಳದಿಂದಲೇ ಒಂದಂಶವನ್ನು ಇದಕ್ಕಾಗಿ ತೆಗೆದಿಡಲಿ. ಹಿರಿಯರು ಮದುವೆ, ಮನೆ, ವೀಸಾಗಳ ಮಾತನ್ನು ಮೂರು ವರ್ಷ ಮುಂದೂಡಲಿ. ಮಸೀದಿಯ ಜಮಾಅತ್ ಸಮಿತಿಗಳು ಈ ಬಾರಿ ಎಸ್ಸೆಸ್ಸೆಲ್ಸಿ ಮಕ್ಕಳ ಸನ್ಮಾನದ ಜೊತೆಗೆ, ಊರಿನ ಯುವ ಇಂಜಿನಿಯರರನ್ನೂ ಕರೆದು, ಮುಂದೇನು ಎಂದು ಒಮ್ಮೆ ಕೇಳಲಿ.