ಕಬ್ಬಿನ ದರ ಒತ್ತೆಯಾಗದಿರಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಕಬ್ಬಿನ ದರದ ಪ್ರಶ್ನೆ ಜಿನೀವಾದಲ್ಲೂ ಇದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ 2019ರಲ್ಲಿ ಭಾರತದ ಕಬ್ಬು ಬೆಂಬಲದ ವಿರುದ್ಧ ಅಲ್ಲಿನ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತ್ತವು. ಕೇಂದ್ರ ನಿಗದಿಪಡಿಸುವ ನ್ಯಾಯಯುತ ಮತ್ತು ಲಾಭದಾಯಕ ದರದ (ಎಫ್‌ಆರ್‌ಪಿ) ಬೆಂಬಲ ಉತ್ಪಾದನಾ ಮೌಲ್ಯದ ಶೇ 10ರ ಮಿತಿ ಮೀರಿದೆ ಎಂದು 2021ರ ಡಿಸೆಂಬರ್‌ನಲ್ಲಿ ಅದರ ವ್ಯಾಜ್ಯ ಸಮಿತಿ ಹೇಳಿತು. ಭಾರತ ಮೇಲ್ಮನವಿ ಸಲ್ಲಿಸಿದೆ. ಆದರೆ ಮೇಲ್ಮನವಿ ಪೀಠವೇ ಸದಸ್ಯರ ಕೊರತೆಯಿಂದ 2019ರ ಡಿಸೆಂಬರ್‌ನಲ್ಲೇ ಸ್ಥಗಿತಗೊಂಡಿದೆ. ಹೀಗಾಗಿ ದೇಶಗಳು ಮಾತುಕತೆಯ ದಾರಿ ಹಿಡಿಯುತ್ತಿವೆ. 2023ರಲ್ಲಿ ಭಾರತ–ಅಮೆರಿಕ ಏಳು ವ್ಯಾಜ್ಯಗಳನ್ನು ರಾಜಿಯಲ್ಲೇ ಮುಗಿಸಿಕೊಂಡವು.

ರಾಜಿ ಒಳ್ಳೆಯದೇ. ಆದರೆ ಟನ್‌ಗೆ ₹3,500 ಕೇಳಿ ಇದೇ ಭಾಗದ ಗುರ್ಲಾಪುರ ಕ್ರಾಸ್‌ನಲ್ಲಿ ಹಗಲಿರುಳು ಕುಳಿತ ರೈತರು 2025ರ ನವೆಂಬರ್‌ನಲ್ಲಿ ₹3,300ಕ್ಕೆ ಒಪ್ಪಿದ್ದಾರೆ. ಕೇಂದ್ರ ಸರ್ಕಾರ ಸಕ್ಕರೆ ಸಂಧಾನಕ್ಕೆ ಕೂರುವುದಾದರೆ, ಮೊದಲು ಕಬ್ಬು ಬೆಳೆಗಾರರ ಮಾತು ಕೇಳಲಿ. ಅವರ ಬೆಲೆ ಖಾತರಿ ಮೊಟಕಾಗಕೂಡದು.